ಋತುಪೂರ್ವ ಪರೀಕ್ಷಾ ಓಟದಲ್ಲಿ ಎಂಜಿನ್ ಮತ್ತು ಸಸ್ಪೆನ್ಷನ್‌ಗಳನ್ನು ತೂಗಿ ನೋಡುವುದು ಹೇಗೆ?

ಪ್ರಶ್ನೆ: ಫಾರ್ಮುಲಾ ಒನ್ ಋತು ಆರಂಭವಾಗುವ ಮುನ್ನ ನಡೆಯುವ ಪರೀಕ್ಷಾ ಓಟಗಳನ್ನು ಪ್ರತಿವರ್ಷ ಗಮನಿಸುತ್ತೇನೆ. ಸಮಯಪಟ್ಟಿಯಲ್ಲಿ ಮೊದಲು ಬಂದ ಅಥವಾ ನೇರ ಹಾದಿಯಲ್ಲಿ ವೇಗ ಅಳೆಯುವ ಜಾಗವಾದ ಸ್ಪೀಡ್ ಟ್ರ್ಯಾಪ್‌ನಲ್ಲಿ ಅತಿ ಹೆಚ್ಚು ವೇಗ ತೋರಿಸಿದ ಕಾರಿನ ಎಂಜಿನ್ ಬಲಶಾಲಿ, ಹಾದಿಯಂಚಿನ ಉಬ್ಬಾದ ಕರ್ಬ್ ಮೇಲೆ ಕುಪ್ಪಳಿಸುವ ಕಾರಿನ ಸಸ್ಪೆನ್ಷನ್ ದುರ್ಬಲ ಎಂದು ಹೇಳಬಹುದೇ? ತಂಡಗಳ ಒಳಗಿನ ದತ್ತಾಂಶ ಸಿಗದ ನಮ್ಮಂಥ ವೀಕ್ಷಕರು ಇವೆರಡನ್ನು ಯಾವ ಆಧಾರದ ಮೇಲೆ ಅಂದಾಜು ಮಾಡಬೇಕು?

ಉತ್ತರ: ಸಮಯಪಟ್ಟಿಯ ಮೊದಲ ಸಾಲನ್ನು ನೋಡಿ ಎಂಜಿನ್ ಬಗ್ಗೆಯಾಗಲಿ, ಒಂದು ಕುಪ್ಪಳಿಕೆಯನ್ನು ನೋಡಿ ಸಸ್ಪೆನ್ಷನ್ ಬಗ್ಗೆಯಾಗಲಿ ತೀರ್ಮಾನಕ್ಕೆ ಬರಲಾಗದು. ಹಾಗೆಂದು ಪರೀಕ್ಷಾ ಓಟದಿಂದ ಏನೂ ತಿಳಿಯುವುದಿಲ್ಲ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಗರಿಷ್ಠ ಅಂಕಿ ಎಷ್ಟು ಎಂಬುದನ್ನು ಬದಿಗಿಟ್ಟು, ನೇರ ಹಾದಿಯ ಉದ್ದಕ್ಕೂ ವೇಗ ಹೇಗೆ ಏರುತ್ತದೆ, ಕರ್ಬ್ ದಾಟಿದ ಮೇಲೆ ಕಾರು ಹೇಗೆ ಸ್ಥಿರವಾಗುತ್ತದೆ, ನಡುವೆ ನಿಲ್ಲದೆ ಓಡುವ ಹದಿನೈದು ಲ್ಯಾಪ್‌ಗಳ ಸರಣಿಯಲ್ಲಿ ಲ್ಯಾಪ್ ಸಮಯ ಹೇಗೆ ಹೆಚ್ಚುತ್ತಾ ಹೋಗುತ್ತದೆ ಎಂಬ ಬದಲಾವಣೆಯ ಗತಿಯನ್ನು ಹಿಂಬಾಲಿಸಿದರೆ, ಹೊರಗಿನಿಂದ ನೋಡುವವರಿಗೂ ಸಾಕಷ್ಟು ಸಂಗತಿಗಳು ದೊರೆಯುತ್ತವೆ.

ಗರಿಷ್ಠ ಅಂಕಿ ಎಷ್ಟರ ಮಟ್ಟಿಗೆ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ 2019ರ ಬಾರ್ಸಿಲೋನಾ ಪರೀಕ್ಷೆ ಒಳ್ಳೆಯ ಉದಾಹರಣೆ. ಅಲ್ಲಿ ಫೆರಾರಿಯ ಸೆಬಾಸ್ಟಿಯನ್ ವೆಟ್ಟಲ್ 1 ನಿಮಿಷ 16.221 ಸೆಕೆಂಡುಗಳ ಅತ್ಯುತ್ತಮ ಸಮಯ ದಾಖಲಿಸಿದರು. ಮರ್ಸಿಡಿಸ್‌ನ ಲೂಯಿಸ್ ಹ್ಯಾಮಿಲ್ಟನ್ ಅವರಿಗಿಂತ 0.003 ಸೆಕೆಂಡಿನಷ್ಟು ಮಾತ್ರ ಹಿಂದಿದ್ದರು. ಫೆರಾರಿಯೇ ಮುಂದಿದೆ ಎಂಬ ಅಭಿಪ್ರಾಯ ವ್ಯಾಪಕವಾಗಿತ್ತು. ಕೆಲವೇ ವಾರಗಳ ನಂತರ ಮೆಲ್ಬರ್ನ್‌ನಲ್ಲಿ ನಡೆದ ಮೊದಲ ರೇಸ್‌ನಲ್ಲಿ ಮರ್ಸಿಡಿಸ್ ಮೊದಲ ಎರಡು ಸ್ಥಾನಗಳನ್ನು ಪಡೆಯಿತು, ಆ ತಂಡದ ವಾಲ್ಟೆರಿ ಬೊಟ್ಟಾಸ್ ಇಪ್ಪತ್ತು ಸೆಕೆಂಡಿಗೂ ಹೆಚ್ಚಿನ ಅಂತರದಿಂದ ಗೆದ್ದರು, ಫೆರಾರಿ ಕಾರುಗಳು ನಾಲ್ಕು ಮತ್ತು ಐದನೇ ಸ್ಥಾನದಲ್ಲಿ ಮುಗಿಸಿದವು. 2025ರಲ್ಲಿ ಬಹ್ರೇನ್ ಪರೀಕ್ಷೆಯ ಮೂರು ದಿನಗಳ ಅತಿ ವೇಗದ ಲ್ಯಾಪ್ ವಿಲಿಯಮ್ಸ್ ಕಾರಿನಲ್ಲಿದ್ದ ಕಾರ್ಲೋಸ್ ಸೈನ್ಸ್ ಅವರದಾಗಿತ್ತು. ಆ ತಂಡ ಋತುವಿನ ಕೊನೆಗೆ ಐದನೇ ಸ್ಥಾನ ಪಡೆಯಿತು, ಪ್ರಶಸ್ತಿ ಮೆಕ್ಲಾರೆನ್ ಪಾಲಾಯಿತು. ಅದೇ ಪರೀಕ್ಷೆಯಲ್ಲಿ ಮೆಕ್ಲಾರೆನ್‌ನ ದೀರ್ಘ ಸರಣಿಗಳನ್ನು ನೋಡಿದವರಿಗೆ ಅದು ಅಚ್ಚರಿಯ ವಿಷಯವಾಗಿರಲಿಲ್ಲ.

ಈ ಗೊಂದಲಕ್ಕೆ ಮೊದಲ ಕಾರಣ ಇಂಧನದ ತೂಕ. ಬಹ್ರೇನ್ ಅಥವಾ ಬಾರ್ಸಿಲೋನಾದಂಥ ಹಾದಿಯಲ್ಲಿ 10 ಕಿಲೋ ಇಂಧನ ಹೆಚ್ಚಾದರೆ ಲ್ಯಾಪ್ ಸಮಯ ಸುಮಾರು 0.3 ಸೆಕೆಂಡು ಹೆಚ್ಚುತ್ತದೆ. ಟ್ಯಾಂಕಿನಲ್ಲಿ ಎಷ್ಟಿದೆ ಎಂಬುದನ್ನು ಯಾವ ತಂಡವೂ ಹೇಳುವುದಿಲ್ಲ. ಆದರೆ ಕನಿಷ್ಠ ಎಷ್ಟಿರಲೇಬೇಕು ಎಂಬುದನ್ನು ನಾವೇ ಲೆಕ್ಕ ಹಾಕಬಹುದು. 2025ರವರೆಗಿನ ನಿಯಮದಂತೆ ರೇಸ್‌ಗೆ ಬಳಸಬಹುದಾದ ಗರಿಷ್ಠ ಇಂಧನ 110 ಕಿಲೋ. ಬಹ್ರೇನ್ ರೇಸ್ 57 ಲ್ಯಾಪ್‌ಗಳದ್ದು. ಹಾಗಾಗಿ ಒಂದು ಲ್ಯಾಪ್‌ಗೆ ಖರ್ಚಾಗುವುದು ಹೆಚ್ಚೆಂದರೆ 1.9 ಕಿಲೋ. ಒಂದು ಕಾರು ತಂಡದ ನಿಲುಗಡೆ ಜಾಗವಾದ ಪಿಟ್‌ಗೆ ಬಾರದೆ ಇಪ್ಪತ್ತು ಲ್ಯಾಪ್ ಓಡಿತೆಂದರೆ ಹೊರಡುವಾಗ ಅದರಲ್ಲಿ 35 ಕಿಲೋ ಆಸುಪಾಸಿನ ಇಂಧನವಾದರೂ ಇತ್ತು ಎಂದಾಯಿತು. ಮೂರೇ ಲ್ಯಾಪ್ ಓಡಿ ಒಳಬಂದ ಕಾರಿನ ವಿಷಯದಲ್ಲಿ ಇಂಥ ಯಾವ ಖಾತ್ರಿಯೂ ಇಲ್ಲ: ಅದರಲ್ಲಿ 10 ಕಿಲೋ ಇರಬಹುದು, 60 ಕಿಲೋ ಕೂಡ ಇರಬಹುದು. ಆದ್ದರಿಂದ ಸರಣಿ ಉದ್ದವಾದಷ್ಟೂ ಅದರ ಮೇಲಿನ ನಮ್ಮ ನಂಬಿಕೆ ಹೆಚ್ಚಬೇಕು. ರೇಸ್ ನಡುವೆ ಇಂಧನ ತುಂಬಿಸುವುದನ್ನು 2010ರಿಂದ ನಿಷೇಧಿಸಿರುವುದರಿಂದ, ಟೈರ್ ಬದಲಿಸಿಕೊಳ್ಳುತ್ತಾ ಪೂರ್ತಿ ರೇಸ್ ದೂರವನ್ನು ಅನುಕರಿಸುವ ಓಟವೇ ಎಲ್ಲಕ್ಕಿಂತ ಪ್ರಾಮಾಣಿಕವಾದ ಸಾಕ್ಷ್ಯ.

ಟೈರ್ ಯಾವುದು, ಓಡಿದ ಹೊತ್ತು ಯಾವುದು ಎಂಬುದನ್ನು ಇದರ ಜೊತೆಗೆ ಗುರುತು ಹಾಕಿಕೊಳ್ಳಬೇಕು. ಬಹ್ರೇನ್‌ನಲ್ಲಿ ಮಧ್ಯಾಹ್ನದ ಬಿಸಿ ಹಾದಿ ಹಿಂಬದಿಯ ಟೈರ್‌ಗಳನ್ನು ಬೇಗ ಕಾಯಿಸುತ್ತದೆ. ಅಲ್ಲಿನ ರೇಸ್ ನಡೆಯುವುದು ಸಂಜೆ ದೀಪದ ಬೆಳಕಿನಲ್ಲಾದ್ದರಿಂದ ಪರೀಕ್ಷೆಯ ದಿನದ ಕೊನೆಯ ಒಂದೆರಡು ಗಂಟೆಗಳ ಓಟವನ್ನಷ್ಟೇ ಪರಸ್ಪರ ಹೋಲಿಸುವುದು ಕ್ಷೇಮ.

ಈಗ ಎಂಜಿನ್ ವಿಷಯಕ್ಕೆ ಬರುತ್ತೇನೆ. ಸ್ಪೀಡ್ ಟ್ರ್ಯಾಪ್‌ನ ಅಂಕಿ ಎಂಜಿನ್‌ನ ಶಕ್ತಿಗಿಂತ ಹೆಚ್ಚಾಗಿ ಕಾರಿನ ಗಾಳಿತಡೆಯನ್ನು ತೋರಿಸುತ್ತದೆ. ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ ಶಕ್ತಿ ಶೇಕಡಾ 2ರಷ್ಟು ಹೆಚ್ಚಿದರೂ ಗಂಟೆಗೆ 320 ಕಿಲೋಮೀಟರ್ ವೇಗದ ಹತ್ತಿರ ಸಿಗುವ ಲಾಭ ಸುಮಾರು 2 ಕಿಲೋಮೀಟರ್ ಮಾತ್ರ. ಹಿಂದಿನಿಂದ ಬೀಸುವ ಸಣ್ಣ ಗಾಳಿ, ಮುಂದೆ ಓಡುತ್ತಿರುವ ಕಾರಿನ ಮರೆ, ಸ್ವಲ್ಪ ಚಪ್ಪಟೆಯಾಗಿಟ್ಟ ಹಿಂಬದಿ ರೆಕ್ಕೆ, ಇವುಗಳಲ್ಲಿ ಯಾವುದೇ ಒಂದು ಅದಕ್ಕಿಂತ ದೊಡ್ಡ ವ್ಯತ್ಯಾಸ ತರಬಲ್ಲದು. ಟ್ರ್ಯಾಪ್‌ನಲ್ಲಿ 4 ಕಿಲೋಮೀಟರ್ ಮುಂದಿರುವ ಕಾರಿನ ಎಂಜಿನ್ ಉತ್ತಮ ಎಂದು ಬರೆಯುವ ವಿಶ್ಲೇಷಣೆಗಳನ್ನು ನಾನು ಗಂಭೀರವಾಗಿ ಪರಿಗಣಿಸದಿರುವುದು ಇದೇ ಕಾರಣಕ್ಕೆ.

ಎಂಜಿನ್‌ನ ನಿಜವಾದ ಗುರುತು ಸಿಗುವುದು ವೇಗ ಏರುವ ರೀತಿಯಲ್ಲಿ. ನಿಧಾನ ತಿರುವಿನಿಂದ ಹೊರಬಂದ ಕಾರಿನ ಓಟವನ್ನು ಮೂರು ಹಂತಗಳಾಗಿ ನೋಡಬಹುದು. ಮೊದಲ ಹಂತದಲ್ಲಿ ಎಂಜಿನ್ ಎಷ್ಟೇ ಬಲವಾಗಿದ್ದರೂ ಟೈರ್‌ನ ಹಿಡಿತ ಬಿಟ್ಟಷ್ಟೇ ವೇಗ ಏರುತ್ತದೆ. ಅದು ಸಸ್ಪೆನ್ಷನ್ ಮತ್ತು ಟೈರ್‌ಗಳ ಪರೀಕ್ಷೆ. ಗಂಟೆಗೆ ಸುಮಾರು 200ರಿಂದ 270 ಕಿಲೋಮೀಟರ್ ನಡುವಿನ ಎರಡನೇ ಹಂತದಲ್ಲಿ ಹಿಡಿತಕ್ಕೆ ಕೊರತೆಯಿಲ್ಲ, ಗಾಳಿತಡೆ ಇನ್ನೂ ಎಲ್ಲವನ್ನೂ ನುಂಗಿಲ್ಲ. ಅಲ್ಲಿನ ಏರಿಕೆ ಬಹುಮಟ್ಟಿಗೆ ಶಕ್ತಿ ಮತ್ತು ತೂಕದ ಅನುಪಾತವನ್ನು ಹೇಳುತ್ತದೆ. ಅದರಾಚೆಗಿನ ಮೂರನೇ ಹಂತ ಗಾಳಿತಡೆಯದು. ಎಂಜಿನ್ ಹೋಲಿಸಬೇಕಾದವರು ಎರಡನೇ ಹಂತದ ಮೇಲೆ ಕಣ್ಣಿಡಬೇಕು. ಅಲ್ಲಿಯೂ ತೂಕ ಅಡ್ಡ ಬರುತ್ತದೆ: ಚಾಲಕನನ್ನೂ ಸೇರಿಸಿ 800 ಕಿಲೋ ಆಸುಪಾಸಿನ ಕಾರಿನಲ್ಲಿ 10 ಕಿಲೋ ಇಂಧನ ಎಂದರೆ ಒಟ್ಟು ತೂಕದ ಶೇಕಡಾ 1ಕ್ಕಿಂತ ಸ್ವಲ್ಪ ಹೆಚ್ಚು, ಮತ್ತು ಈ ಹಂತದಲ್ಲಿ ಅದರ ಪರಿಣಾಮ ಸುಮಾರು 1000 ಅಶ್ವಶಕ್ತಿಯ ಎಂಜಿನ್‌ನಲ್ಲಿ 10 ಅಶ್ವಶಕ್ತಿ ಕಡಿಮೆಯಾದುದಕ್ಕೆ ಸಮ. ಇಂಧನದ ಅಂದಾಜಿನಲ್ಲಿ 40 ಕಿಲೋ ಅನುಮಾನವಿದ್ದರೆ ಶಕ್ತಿಯ ಅಂದಾಜಿನಲ್ಲೂ 40 ಅಶ್ವಶಕ್ತಿಯಷ್ಟು ಅನುಮಾನ ಉಳಿಯುತ್ತದೆ. ಪರೀಕ್ಷೆಯ ಮೂರನೇ ದಿನವೇ ಎಂಜಿನ್‌ಗಳ ಅಶ್ವಶಕ್ತಿಯ ಪಟ್ಟಿಯನ್ನು ಪ್ರಕಟಿಸುವವರು ಈ ಒಂದು ಲೆಕ್ಕವನ್ನು ಕಡೆಗಣಿಸಿರುತ್ತಾರೆ.

ವೇಗದ ಏರಿಕೆಯನ್ನು ಅಳೆಯಲು ಮನೆಯಲ್ಲಿ ಕುಳಿತವರಿಗೆ ಇರುವ ಅತ್ಯುತ್ತಮ ಸಾಧನ ಕಾರಿನ ಮೇಲೆಯೇ ಅಳವಡಿಸಿದ ಆನ್‌ಬೋರ್ಡ್ ಕ್ಯಾಮೆರಾದ ಧ್ವನಿ. ಆರು ಸಿಲಿಂಡರ್‌ಗಳ ಫೋರ್ ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೆ ಮೂರು ಬಾರಿ ಉರಿಯುತ್ತದೆ. ನಿಮಿಷಕ್ಕೆ 12,000 ಸುತ್ತು ಎಂದರೆ ಸೆಕೆಂಡಿಗೆ 200 ಸುತ್ತು, ಅಂದರೆ 600 ಹರ್ಟ್ಸ್‌ನ ಸ್ವರ. ಧ್ವನಿಯ ಕಂಪನಾಂಕವನ್ನು ಗೆರೆಯಾಗಿ ತೋರಿಸುವ ಯಾವುದೇ ಉಚಿತ ತಂತ್ರಾಂಶದಲ್ಲಿ ಆ ತುಣುಕನ್ನು ತೆರೆದರೆ, ಪ್ರತಿ ಗಿಯರ್‌ನಲ್ಲಿ ಏರುವ, ಗಿಯರ್ ಬದಲಾದಾಗ ಥಟ್ಟನೆ ಇಳಿಯುವ ಗೆರೆ ಕಾಣುತ್ತದೆ. ಈ ಎಂಜಿನ್‌ಗಳ ಸಿಲಿಂಡರ್ ಸಾಲುಗಳು 90 ಡಿಗ್ರಿ ಕೋನದಲ್ಲಿದ್ದು ಉರಿಯುವ ಅಂತರಗಳು ಸಮನಾಗಿಲ್ಲದ ಕಾರಣ, 600ರ ಗೆರೆಯ ಅರ್ಧಕ್ಕೆ, 300 ಹರ್ಟ್ಸ್‌ನಲ್ಲಿ, ಇನ್ನೊಂದು ಗೆರೆಯೂ ಕಾಣಿಸಿಕೊಳ್ಳುತ್ತದೆ. ಎರಡನ್ನು ಒಂದೆಂದು ಭ್ರಮಿಸಬಾರದು. ಒಂದೇ ಗಿಯರ್‌ನಲ್ಲಿರುವಷ್ಟು ಹೊತ್ತು ಎಂಜಿನ್‌ನ ಸುತ್ತುಗಳೂ ಕಾರಿನ ವೇಗವೂ ಒಂದೇ ಅನುಪಾತದಲ್ಲಿ ಏರುವುದರಿಂದ ಗೆರೆಯ ಓರೆಯೇ ವೇಗೋತ್ಕರ್ಷ. ಹಾದಿಯ ಪಕ್ಕದಲ್ಲಿ ನಿಂತು ಮುದ್ರಿಸಿದ ಧ್ವನಿ ಇದಕ್ಕೆ ಬಾರದು. ಕಾರು ಹತ್ತಿರ ಬಂದು ದೂರ ಸರಿಯುವಾಗ ಸ್ವರವೇ ಬದಲಾಗಿಬಿಡುತ್ತದೆ.

ಇದೇ ಗೆರೆ ಇನ್ನೊಂದು ಗುಟ್ಟನ್ನೂ ಬಿಟ್ಟುಕೊಡುತ್ತದೆ. ಚಾಲಕ ಥ್ರಾಟಲ್ (ವೇಗ ಹೆಚ್ಚಿಸುವ ಪೆಡಲ್) ಅನ್ನು ಪೂರ್ತಿ ಒತ್ತಿರುವಾಗಲೂ ನೇರ ಹಾದಿಯ ಕೊನೆಯಲ್ಲಿ ಗೆರೆ ಇದ್ದಕ್ಕಿದ್ದಂತೆ ಮಲಗಿತೆಂದರೆ, ಎಂಜಿನ್ ಜೊತೆ ದುಡಿಯುವ ವಿದ್ಯುತ್ ಮೋಟಾರಿನ ನೆರವು ಅಲ್ಲಿಗೆ ನಿಂತಿದೆ ಎಂದು ಅರ್ಥ. ಗಾಳಿತಡೆಯಿಂದ ವೇಗ ನಿಲ್ಲುವಾಗ ಗೆರೆ ನಿಧಾನವಾಗಿ ಬಾಗುತ್ತದೆ, ನೆರವು ಕಡಿತವಾದಾಗ ಮೂಲೆ ಮುರಿದಂತೆ ಬಾಗುತ್ತದೆ. ಮೊದಲನೆಯದು ರೆಕ್ಕೆಯ ಕಥೆ, ಎರಡನೆಯದು ಬ್ಯಾಟರಿ ಮತ್ತು ಶಕ್ತಿ ನಿರ್ವಹಣೆಯ ಕಥೆ.

ಓಡಿದ ಲ್ಯಾಪ್‌ಗಳ ಸಂಖ್ಯೆಯನ್ನು ಹೇಗೆ ಓದಬೇಕು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 2014ರಲ್ಲಿ ಹೈಬ್ರಿಡ್ ಎಂಜಿನ್‌ಗಳು ಬಂದಾಗ ಸ್ಪೇನ್‌ನ ಹೆರೆಸ್‌ನಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ಮರ್ಸಿಡಿಸ್ ತಂಡ 309 ಲ್ಯಾಪ್ ಓಡಿದರೆ, ರೆನೊ ಎಂಜಿನ್‌ನ ರೆಡ್ ಬುಲ್ ನಾಲ್ಕು ದಿನಗಳಲ್ಲಿ ಓಡಿದ್ದು 21 ಲ್ಯಾಪ್. ಆ ವರ್ಷದ 19 ರೇಸ್‌ಗಳಲ್ಲಿ 16ನ್ನು ಮರ್ಸಿಡಿಸ್ ಗೆದ್ದಿತು. ಆದರೆ 2018ರಲ್ಲಿ ಹೋಂಡಾ ಎಂಜಿನ್‌ನ ಟೋರೊ ರೊಸ್ಸೊ ಬಾರ್ಸಿಲೋನಾದ ಎರಡು ಪರೀಕ್ಷೆಗಳಲ್ಲಿ ಒಟ್ಟು 822 ಲ್ಯಾಪ್ ಓಡಿಯೂ ಋತುವನ್ನು ಒಂಬತ್ತನೇ ಸ್ಥಾನದಲ್ಲಿ ಮುಗಿಸಿತು. ಕಡಿಮೆ ಲ್ಯಾಪ್ ಓಡಿದ ಎಂಜಿನ್ ಬಗ್ಗೆ ಚಿಂತಿಸಲು ಕಾರಣವಿದೆ. ಹೆಚ್ಚು ಓಡಿದ್ದು ಬಾಳಿಕೆಯ ಸಾಕ್ಷಿಯಷ್ಟೇ ಹೊರತು ಬಲದ ಸಾಕ್ಷಿಯಲ್ಲ.

ಸಸ್ಪೆನ್ಷನ್ ಅಳೆಯುವುದು ಇನ್ನೂ ಸೂಕ್ಷ್ಮದ ಕೆಲಸ, ಏಕೆಂದರೆ ಅದಕ್ಕೆ ತನ್ನದೇ ಆದ ಅಂಕಿಯಿಲ್ಲ. ಟೈರ್‌ಗಳ ಮೇಲಿನ ಭಾರವನ್ನು ಏರುಪೇರಿಲ್ಲದಂತೆ ಕಾಯುವುದು ಮತ್ತು ಕಾರಿನ ತಳವನ್ನು ನೆಲದಿಂದ ನಿಗದಿತ ಎತ್ತರದಲ್ಲಿ ಹಿಡಿದಿಡುವುದು ಅದರ ಎರಡು ಕೆಲಸಗಳು. ಇವೆರಡೂ ಒಂದಕ್ಕೊಂದು ವಿರೋಧಿ: ಮೊದಲನೆಯದಕ್ಕೆ ಮೃದುವಾದ ಸ್ಪ್ರಿಂಗ್ ಬೇಕು, ಎರಡನೆಯದಕ್ಕೆ ಗಟ್ಟಿಯಾದದ್ದು ಬೇಕು. 2022ರಿಂದ 2025ರವರೆಗಿನ, ತಳದಿಂದಲೇ ಹೆಚ್ಚಿನ ಡೌನ್‌ಫೋರ್ಸ್ (ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ) ಪಡೆಯುತ್ತಿದ್ದ ಕಾರುಗಳಲ್ಲಿ ತಂಡಗಳು ಎರಡನೆಯದಕ್ಕೆ ಒತ್ತು ಕೊಟ್ಟವು. ಆ ಕಾರುಗಳು ಕರ್ಬ್ ಮೇಲೆ ಒರಟಾಗಿ ಕಂಡರೆ ಅದು ದೋಷವಾಗಿರದೆ ಬುದ್ಧಿಪೂರ್ವಕ ಆಯ್ಕೆಯಾಗಿರುವ ಸಾಧ್ಯತೆಯೇ ಹೆಚ್ಚು. ಚಕ್ರದ ಚಲನೆಯನ್ನು ಸ್ಪ್ರಿಂಗ್‌ಗೆ ಮುಟ್ಟಿಸಲು ಮುಂಭಾಗದಲ್ಲಿ ತಳ್ಳುವ ಸರಳು (ಪುಶ್‌ರಾಡ್) ಇದೆಯೇ ಎಳೆಯುವ ಸರಳು (ಪುಲ್‌ರಾಡ್) ಇದೆಯೇ ಎಂಬ ಚರ್ಚೆ ಪ್ರತಿ ಫೆಬ್ರವರಿಯಲ್ಲೂ ಕಾವೇರುತ್ತದೆ. ಆ ಆಯ್ಕೆಯ ಹಿಂದೆ ಗಾಳಿಯ ಹರಿವಿನ ಲೆಕ್ಕಾಚಾರವೇ ಮುಖ್ಯವಾಗಿರುವುದರಿಂದ ಕಾರಿನ ಹಿಡಿತದ ಬಗ್ಗೆ ಅದರಿಂದ ಏನನ್ನೂ ಊಹಿಸದಿರುವುದು ಒಳ್ಳೆಯದು.

ನೋಡಬೇಕಾದದ್ದು ಕುಪ್ಪಳಿಕೆಯ ಎತ್ತರವನ್ನಲ್ಲ, ಅದು ಅಡಗುವ ಬಗೆಯನ್ನು. ಸೆಕೆಂಡಿಗೆ 50 ಚೌಕಟ್ಟುಗಳ ವಿಡಿಯೊವನ್ನು ಒಂದೊಂದೇ ಚೌಕಟ್ಟಾಗಿ ಮುಂದೂಡುತ್ತಾ, ಕರ್ಬ್ ದಾಟಿದ ಚಕ್ರವನ್ನು ಬಿಟ್ಟು ಚಾಲಕನ ಹೆಲ್ಮೆಟ್ ಅನ್ನು ಗಮನಿಸಿ. ಕುಲುಕಾಟವನ್ನು ಅಡಗಿಸುವ ಡ್ಯಾಂಪರ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಕಾರಿನ ದೇಹ ಒಮ್ಮೆ ಎದ್ದು, ಕುಳಿತು, ಸ್ಥಿರವಾಗುತ್ತದೆ. ಎರಡನೆಯ, ಮೂರನೆಯ ಬಾರಿ ಏಳುತ್ತಿದ್ದರೆ ಆ ಅವಧಿಯಲ್ಲಿ ಟೈರ್‌ನ ಹಿಡಿತವೂ ಏರಿಳಿಯುತ್ತಿರುತ್ತದೆ, ಮತ್ತು ಚಾಲಕ ಥ್ರಾಟಲ್ ತೆರೆಯುವುದನ್ನು ಅಷ್ಟು ಹೊತ್ತು ಮುಂದೂಡುತ್ತಾನೆ. ಧ್ವನಿಯ ಗೆರೆಯಲ್ಲಿ ಆ ಮುಂದೂಡಿಕೆಯೂ ಕಾಣುತ್ತದೆ. ಇದು ಒಂದು ಬಾರಿ ಆದರೆ ಏನೂ ಅಲ್ಲ; ಬೇರೆ ಬೇರೆ ಹೊತ್ತಿನಲ್ಲಿ, ತಂಡದ ಇಬ್ಬರು ಚಾಲಕರಿಗೂ, ಅದೇ ಜಾಗದಲ್ಲಿ ಮರುಕಳಿಸಿದರೆ ಮಾತ್ರ ದಾಖಲಿಸಿಕೊಳ್ಳಬೇಕು. ತಂಡಗಳು ಪರೀಕ್ಷೆಯಲ್ಲಿ ಸ್ಪ್ರಿಂಗ್‌ಗಳನ್ನೂ ಕಾರಿನ ಎತ್ತರವನ್ನೂ ಬೇಕೆಂದೇ ಅತಿರೇಕಕ್ಕೆ ಒಯ್ದು ಫಲಿತಾಂಶ ನೋಡುವುದುಂಟು. ಹಾಗಾಗಿ ಬೆಳಿಗ್ಗೆ ಕೆಟ್ಟದಾಗಿ ಕಂಡ ಕಾರು ಮಧ್ಯಾಹ್ನ ಬೇರೆಯೇ ಕಾರಿನಂತೆ ಓಡಬಹುದು.

ನೇರ ಹಾದಿಯಲ್ಲಿ ಕಾಣುವ ಪುಟಿತವನ್ನು ಇದರೊಂದಿಗೆ ಬೆರೆಸಬಾರದು. 2022ರ ಫೆಬ್ರವರಿಯಲ್ಲಿ ಬಾರ್ಸಿಲೋನಾದಲ್ಲಿ ಹೊಸ ಕಾರುಗಳು ಓಡಿದಾಗ ಹಲವು ತಂಡಗಳನ್ನು ಕಾಡಿದ, ಪೊರ್ಪಾಯ್ಸಿಂಗ್ ಎಂಬ ಪುಟಿತದ ಮೂಲ ಗಾಳಿಯಲ್ಲಿತ್ತು: ವೇಗ ಏರಿದಂತೆ ತಳ ನೆಲಕ್ಕೆ ಸೆಳೆಯಲ್ಪಟ್ಟು, ಹರಿವು ಮುರಿದು, ಕಾರು ಮೇಲೆದ್ದು, ಮತ್ತೆ ಸೆಳೆಯಲ್ಪಡುತ್ತಿತ್ತು. ಅದೇ ವರ್ಷ ಕಂಪನವನ್ನು ತಣಿಸುವ ಇನರ್ಟರ್ ಮತ್ತು ಹೈಡ್ರಾಲಿಕ್ ಸಸ್ಪೆನ್ಷನ್ ಘಟಕಗಳನ್ನು ನಿಷೇಧಿಸಿದ್ದರಿಂದ ಅದನ್ನು ಅಡಗಿಸುವ ಸಾಧನಗಳೂ ತಂಡಗಳ ಬಳಿ ಕಡಿಮೆಯಿದ್ದವು. ನುಣುಪಾದ ಹಾದಿಯಲ್ಲೂ ವೇಗದೊಂದಿಗೆ ಬೆಳೆಯುವ ಪುಟಿತ ಗಾಳಿಯದು; ಉಬ್ಬು ತಗ್ಗು ಇರುವ ಜಾಗದಲ್ಲಷ್ಟೇ ಕಾಣುವುದು ಸ್ಪ್ರಿಂಗ್ ಮತ್ತು ಡ್ಯಾಂಪರ್‌ಗಳದು.

ಬ್ರೇಕ್ ಹಾಕುವ ಜಾಗಗಳಲ್ಲಿ ಬಹ್ರೇನ್‌ನ ಹತ್ತನೇ ತಿರುವಿಗೆ ವಿಶೇಷ ಬೆಲೆಯಿದೆ. ಅಲ್ಲಿ ಎಡಕ್ಕೆ ತಿರುಗುತ್ತಲೇ ಬ್ರೇಕ್ ಹಾಕಬೇಕು, ಒಳಬದಿಯ ಎಡ ಮುಂಚಕ್ರದ ಮೇಲಿನ ಭಾರ ಹಗುರಾಗುತ್ತದೆ, ಚಕ್ರ ತಿರುಗದೆ ಸಿಕ್ಕಿಕೊಂಡು ಹೊಗೆ ಏಳುತ್ತದೆ. ಚಾಂಪಿಯನ್ ಕಾರುಗಳಿಗೂ ಇದು ತಪ್ಪಿದ್ದಲ್ಲ, ಆದ್ದರಿಂದ ಹೊಗೆಯೊಂದೇ ಸಾಕ್ಷಿಯಾಗದು. ಚಕ್ರ ಬಿಡಿಸಿಕೊಂಡ ಬಳಿಕ ಕಾರು ಒಳಅಂಚಿಗೆ ಮರಳುತ್ತದೆಯೇ, ಸ್ಟಿಯರಿಂಗ್ ಅನ್ನು ಚಾಲಕ ಎಷ್ಟು ಬಾರಿ ತಿದ್ದುತ್ತಾನೆ, ಮುಂದಿನ ನೇರ ಹಾದಿಗೆ ಥ್ರಾಟಲ್ ಒಂದೇ ಸಲಕ್ಕೆ ತೆರೆಯುತ್ತದೆಯೇ ಎಂಬ ಮೂರನ್ನು ಸೇರಿಸಿ ನೋಡಿ. ಚಾಲಕನ ಕೈಗಳು ಅನೇಕ ಬಾರಿ ಅಂಕಿಗಳಿಗಿಂತ ಹೆಚ್ಚು ಹೇಳುತ್ತವೆ. 2020ರ ಪರೀಕ್ಷೆಯಲ್ಲಿ ಹ್ಯಾಮಿಲ್ಟನ್ ನೇರ ಹಾದಿಯಲ್ಲಿ ಸ್ಟಿಯರಿಂಗ್ ಅನ್ನು ತಮ್ಮ ಕಡೆಗೆ ಎಳೆದುಕೊಳ್ಳುವುದನ್ನು ಆನ್‌ಬೋರ್ಡ್ ಚಿತ್ರ ತೋರಿಸಿದಾಗಲೇ, ಮುಂಚಕ್ರಗಳ ಕೋನವನ್ನು ಓಡುತ್ತಲೇ ಬದಲಿಸುವ ಮರ್ಸಿಡಿಸ್‌ನ ವ್ಯವಸ್ಥೆ ಜಗತ್ತಿಗೆ ತಿಳಿದದ್ದು.

ಎಂಜಿನ್ ಮತ್ತು ಸಸ್ಪೆನ್ಷನ್ ಎರಡೂ ಒಟ್ಟಿಗೆ ಪರೀಕ್ಷೆಗೆ ಒಳಗಾಗುವುದು ದೀರ್ಘ ಸರಣಿಯಲ್ಲಿ, ಹಾಗಾಗಿ ಅದರ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸುತ್ತೇನೆ. ಒಂದೇ ಬಗೆಯ ಟೈರ್‌ನಲ್ಲಿ, ಒಂದೇ ಹೊತ್ತಿನಲ್ಲಿ ಎರಡು ಕಾರುಗಳು ಹದಿನೈದು ಲ್ಯಾಪ್ ಓಡುತ್ತವೆ ಎನ್ನಿ. ಮೊದಲ ಕಾರಿನ ಸಮಯ 1 ನಿಮಿಷ 36.0 ಸೆಕೆಂಡಿನಿಂದ ಆರಂಭವಾಗಿ 36.6ಕ್ಕೆ ಮುಗಿಯುತ್ತದೆ, ಎರಡನೆಯದು 35.6ರಿಂದ ಆರಂಭವಾಗಿ 37.4ಕ್ಕೆ ಮುಗಿಯುತ್ತದೆ. ಮೇಲ್ನೋಟಕ್ಕೆ ಎರಡನೆಯ ಕಾರೇ ವೇಗದ್ದು. ಆದರೆ ಪ್ರತಿ ಲ್ಯಾಪ್‌ಗೆ ಸುಮಾರು 1.8 ಕಿಲೋ ಇಂಧನ ಕರಗಿ ಕಾರು 0.05 ಸೆಕೆಂಡಿನಷ್ಟು ವೇಗ ಪಡೆಯಬೇಕಿತ್ತು. ಹದಿನಾಲ್ಕು ಅಂತರಗಳಲ್ಲಿ ಅದು 0.7 ಸೆಕೆಂಡು. ಅದನ್ನು ಕೂಡಿಸಿದರೆ ಮೊದಲ ಕಾರಿನ ಟೈರ್ ನಷ್ಟ ಲ್ಯಾಪ್‌ಗೆ ಸುಮಾರು 0.09 ಸೆಕೆಂಡು, ಎರಡನೆಯದರದ್ದು 0.18. ಸರಣಿಯ ಸರಾಸರಿಯಲ್ಲಿ ಮೊದಲ ಕಾರೇ ಮುಂದಿದೆ, ರೇಸ್‌ನಲ್ಲಿ ಆ ಅಂತರ ಬೆಳೆಯುತ್ತಲೇ ಹೋಗುತ್ತದೆ.

ಎರಡನೆಯ ಕಾರು ಟೈರ್ ತಿನ್ನಲು ಕಾರಣವೇನು ಎಂಬುದನ್ನು ನಷ್ಟ ಎಲ್ಲಿ ಆಗುತ್ತಿದೆ ಎಂಬುದರಿಂದ ಪತ್ತೆ ಮಾಡಬೇಕು. ಬಹ್ರೇನ್‌ನಲ್ಲಿ ಐದು, ಆರು, ಏಳನೇ ತಿರುವುಗಳ ವೇಗದ ಭಾಗ ಹಾಗೆಯೇ ಉಳಿದು, ಒಂದು, ಎಂಟು, ಹತ್ತನೇ ತಿರುವುಗಳಿಂದ ಹೊರಬರುವಲ್ಲಿ ಸಮಯ ಸೋರುತ್ತಿದ್ದರೆ ಹಿಂಬದಿಯ ಸಸ್ಪೆನ್ಷನ್ ಹಿಡಿತ ಕೊಡುತ್ತಿಲ್ಲ, ಇಲ್ಲವೇ ಎಂಜಿನ್‌ನ ಎಳೆತ ಒಮ್ಮೆಲೇ ಬಂದು ಚಕ್ರಗಳನ್ನು ಜಾರಿಸುತ್ತಿದೆ. ಇವೆರಡನ್ನು ಬೇರ್ಪಡಿಸಲು ಮತ್ತೆ ಆನ್‌ಬೋರ್ಡ್‌ಗೇ ಹೋಗಬೇಕು: ಥ್ರಾಟಲ್ ತೆರೆದ ಕೂಡಲೇ ಎಂಜಿನ್‌ನ ಸ್ವರ ಕಾರಿನ ವೇಗವನ್ನು ಮೀರಿ ಚಿಮ್ಮಿದರೆ ಎಳೆತದ ಕಡೆ ಅನುಮಾನ, ಥ್ರಾಟಲ್ ತೆರೆಯುವ ಮೊದಲೇ ಹಿಂಭಾಗ ಅಲುಗಾಡುತ್ತಿದ್ದರೆ ಸಸ್ಪೆನ್ಷನ್ ಕಡೆ ಅನುಮಾನ. ವೇಗದ ತಿರುವುಗಳಲ್ಲೇ ಸೋರಿಕೆ ಹೆಚ್ಚಿದ್ದರೆ ದೋಷವನ್ನು ಡೌನ್‌ಫೋರ್ಸ್‌ನಲ್ಲಿ ಹುಡುಕಬೇಕು. ಬಾರ್ಸಿಲೋನಾದ ಉದ್ದವಾದ ಮೂರನೇ ತಿರುವು ಮತ್ತು ಒಂಬತ್ತನೇ ತಿರುವು ಈ ವಿಷಯದಲ್ಲಿ ಬಹ್ರೇನ್‌ಗಿಂತ ಉತ್ತಮ ಸಾಕ್ಷಿಗಳು.

2026ರ ನಿಯಮಗಳ ಕಾರುಗಳಿಗೆ ಈ ವಿಧಾನವನ್ನು ಅನ್ವಯಿಸುವಾಗ ಒಂದು ತಿದ್ದುಪಡಿ ಬೇಕು. ನಿಷ್ಕಾಸದ ಬಿಸಿಯಿಂದ ವಿದ್ಯುತ್ ಪಡೆಯುತ್ತಿದ್ದ ಘಟಕವನ್ನು ತೆಗೆದುಹಾಕಲಾಗಿದೆ, ಹಿಂಚಕ್ರಗಳಿಗೆ ನೆರವಾಗುವ ವಿದ್ಯುತ್ ಮೋಟಾರಿನ ಶಕ್ತಿ 120ರಿಂದ 350 ಕಿಲೋವಾಟ್‌ಗೆ ಏರಿದೆ. ಬ್ಯಾಟರಿಯಲ್ಲಿ ಒಮ್ಮೆಗೆ ಬಳಸಲು ಸಿಗುವ 4 ಮೆಗಾಜೂಲ್ ಅನ್ನು ಪೂರ್ಣ ಶಕ್ತಿಯಲ್ಲಿ ಸುರಿದರೆ ಹನ್ನೊಂದು ಸೆಕೆಂಡುಗಳಲ್ಲಿ ಬರಿದಾಗುತ್ತದೆ, ಆದ್ದರಿಂದ ಲ್ಯಾಪ್‌ನ ಉಳಿದ ಭಾಗದಲ್ಲಿ ಅದನ್ನು ಮತ್ತೆ ಮತ್ತೆ ತುಂಬಿಸಿಕೊಳ್ಳಬೇಕು. ಹೀಗಾಗಿ ಒಂದು ಲ್ಯಾಪ್‌ನ ನೇರ ಹಾದಿಯ ವೇಗವನ್ನು ಎಂಜಿನ್‌ನ ಬಲವೆಂದು ಓದುವುದು ಮೊದಲಿಗಿಂತಲೂ ಅಪಾಯಕಾರಿ: ಆ ವೇಗದ ಬೆಲೆಯನ್ನು ಮುಂದಿನ ಲ್ಯಾಪ್‌ನಲ್ಲಿ ತೆರಬೇಕಾಗಿರಬಹುದು. ಒಂದೇ ನೇರ ಹಾದಿಯ ಧ್ವನಿಯ ಗೆರೆಯನ್ನು ಸತತವಾಗಿ ನಾಲ್ಕೈದು ಲ್ಯಾಪ್‌ಗಳಲ್ಲಿ ಬಿಡಿಸಿ ಒಂದರ ಮೇಲೊಂದು ಇಟ್ಟು ನೋಡಿ. ಗೆರೆ ಮುರಿಯುವ ಜಾಗ ಪ್ರತಿ ಲ್ಯಾಪ್‌ನಲ್ಲೂ ಒಂದೇ ಆಗಿದ್ದರೆ ಆ ತಂಡ ತನ್ನ ಶಕ್ತಿಯ ಆಯವ್ಯಯವನ್ನು ಸರಿದೂಗಿಸಿಕೊಂಡು ಓಡುತ್ತಿದೆ, ಅದರ ವೇಗವನ್ನು ನಂಬಬಹುದು. ಲ್ಯಾಪ್‌ನಿಂದ ಲ್ಯಾಪ್‌ಗೆ ಅದು ಬ್ರೇಕ್ ಹಾಕುವ ಜಾಗದಿಂದ ಹಿಂದೆ ಹಿಂದೆ ಸರಿಯುತ್ತಿದ್ದರೆ, ಮೊದಲ ಲ್ಯಾಪ್‌ನ ಅಂಕಿಯನ್ನು ಹೋಲಿಕೆಯಿಂದ ಹೊರಗಿಡಿ.